ಎಲ್ಲ ಡಿಸ್ಕ್‌ಗೂ ಒಂದೇ ಪ್ಲೇಯರ್ ಬೇಕು, ಯಾವುದು ತಗೊಳ್ಳಲಿ?

ನಾಲ್ಕನೇ ಬ್ಲಾಕ್: ಮನೆ ಬದಲಾಯಿಸುತ್ತಿದ್ದೇವೆ. ಅಪ್ಪ ಕೂಡಿಟ್ಟ ಡಿಸ್ಕ್‌ಗಳು ಎರಡು ರಟ್ಟಿನ ಡಬ್ಬ ತುಂಬಾ ಇವೆ. ಅರ್ಧಕ್ಕಿಂತ ಜಾಸ್ತಿ ಕನ್ನಡ ಸಿನಿಮಾ ವಿಸಿಡಿ. ಆಮೇಲೆ ಡಿವಿಡಿ, ಅದರಲ್ಲಿ ಒಂದಷ್ಟು ಅಕ್ಕ ಅಮೆರಿಕದಿಂದ ತಂದದ್ದು. ಭಾವಗೀತೆ, ಕರ್ನಾಟಕ ಸಂಗೀತದ ಸಿಡಿಗಳು. ನಮ್ಮ ಮದುವೆಯ ಡಿವಿಡಿ. ನಮ್ಮ ಯಜಮಾನರ ಬ್ಲೂ-ರೇ ಹತ್ತಿಪ್ಪತ್ತು, ಎಸ್‌ಎಸಿಡಿ (ಸಿಡಿಗಿಂತ ಮೇಲ್ಮಟ್ಟದ ಧ್ವನಿಯ ಸಂಗೀತದ ಡಿಸ್ಕ್) ನಾಲ್ಕೈದು. ಹಳೇ ಪ್ಲೇಯರ್ ಟ್ರೇ ಹೊರಗೇ ಬರಲ್ಲ. ಹೊಸ ಟಿವಿ 55 ಇಂಚಿನ 4ಕೆ. 'ಯೂನಿವರ್ಸಲ್ ಪ್ಲೇಯರ್' ಅಂತ ಒಂದು ಬರುತ್ತಂತೆ, ಎಲ್ಲ ಓಡಿಸುತ್ತಂತೆ. ನಲವತ್ತು ಸಾವಿರದೊಳಗೆ ಯಾವುದಿದೆ ಹೇಳಿ. ಟಿವಿ ಕೆಳಗೆ ಒಂದೇ ಪೆಟ್ಟಿಗೆಗೆ ಜಾಗ.

ಕತ್ತಲೆ ಕೋಣೆ: ಯೋಚನೆ ಮಾಡೋದೇ ಬೇಡ ಮೇಡಂ. ಸೋನಿ ಯುಬಿಪಿ-ಎಕ್ಸ್800ಎಂ2 ಸ್ಟಾಕ್ ಸಿಕ್ಕರೆ ತಗೊಳ್ಳಿ. 4ಕೆ ಬ್ಲೂ-ರೇ, ಮಾಮೂಲಿ ಬ್ಲೂ-ರೇ, ಡಿವಿಡಿ, ಸಿಡಿ, ಎಸ್‌ಎಸಿಡಿ, ಡಿವಿಡಿ-ಆಡಿಯೊ ಎಲ್ಲ ಓಡುತ್ತವೆ. ಚಿತ್ರದ ಬೆಳಕು-ನೆರಳು ಚೆನ್ನಾಗಿ ತೋರಿಸುವ ಡಾಲ್ಬಿ ವಿಷನ್ ಇದೆ, ಆದರೆ ಸೆಟ್ಟಿಂಗ್‌ಗೆ ಹೋಗಿ ನೀವೇ ಆನ್ ಆಫ್ ಮಾಡಬೇಕು. ಅದೊಂದು ಕಿರಿಕಿರಿ. ಚಿತ್ರ ಮಾತ್ರ ನೋಡುವುದಾದರೆ ಪ್ಯಾನಸೋನಿಕ್ ಯುಬಿ820 ಇನ್ನೂ ಒಂದು ಕೈ ಮೇಲು. ಮಸುಕಾದ ಟಿವಿಯಲ್ಲೂ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಚಿತ್ರ) ಬೆಳಕನ್ನು ಚೆನ್ನಾಗಿ ಹೊಂದಿಸಿ ಕೊಡುತ್ತದೆ. ಅದರದೇ ಇನ್ನೊಂದು ಬಗೆ ಎಚ್‌ಡಿಆರ್10 ಪ್ಲಸ್ ಕೂಡ ಇದೆ. ಆದರೆ ಅದು ಎಸ್‌ಎಸಿಡಿ ಮುಟ್ಟುವುದಿಲ್ಲ. ನಿಮಗೆ ಎಲ್ಲ ಬೇಕು ಅಂದಿರಿ, ಹಾಗಾಗಿ ಸೋನಿ.

ಧಾರವಾಡ ಪೇಡೆ: ಸೋನಿ ಯಾಕ್ರಿ? ಒಪ್ಪೊ ಯುಡಿಪಿ-203 ಸೆಕೆಂಡ್ ಹ್ಯಾಂಡ್ ಹುಡುಕಿ. ಫೋನ್ ಒಪ್ಪೊ ಅಲ್ಲ, ಅಮೆರಿಕದಲ್ಲಿದ್ದ ಒಪ್ಪೊ ಡಿಜಿಟಲ್. 2016ರ ಕೊನೆಗೆ 549 ಡಾಲರಿಗೆ ಬಂತು. ಮುಂದಿನ ವರ್ಷ 205 ಬಂತು, 1299 ಡಾಲರ್. 2018ರ ಏಪ್ರಿಲ್‌ನಲ್ಲಿ ಕಂಪನಿ ಹೊಸ ಮಾಲು ಮಾಡೋದನ್ನೇ ನಿಲ್ಲಿಸುತ್ತೇವೆ ಅಂದಿತು. ಇವತ್ತಿಗೂ ಜನ ಅದನ್ನೇ ಹುಡುಕುತ್ತಾರೆ ಅಂದರೆ ಸುಮ್ನೆನಾ? ಎತ್ತಿ ನೋಡಿ, ಕಬ್ಬಿಣದ ತೂಕ. ಟ್ರೇ ಹೊರಗೆ ಬರುವ ರೀತಿಯೇ ಬೇರೆ. ಈಗಿನ ಪ್ಲೇಯರ್‌ಗಳು ಊಟದ ಡಬ್ಬಿಯಷ್ಟು ಹಗುರ.

ಲೆನ್ಸ್ ರಿಪೇರಿ: ಪೇಡೆ ಅಣ್ಣ, ಎತ್ತಿ ನೋಡಿ ಪ್ಲೇಯರ್ ತಗೊಳ್ಳೋದು ತರಕಾರಿ ಸಂತೆಯಲ್ಲಿ ಆಯ್ತು. ಈ ಕೆಲಸ ಮಾಡುವವನಾಗಿ ಒಂದು ಮಾತು.

ಇಂಥ ಪ್ಲೇಯರ್‌ನ ಕಣ್ಣಿನೊಳಗೆ ಇರುವುದು ಒಂದು ಲೇಸರ್ ಅಲ್ಲ. ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405. ಮೂರೂ ಬೇರೆ ಬೇರೆಯಾಗಿ ಸುಸ್ತಾಗುತ್ತವೆ. ಅಂಗಡಿಗೆ ಬರುವವರು 'ಡಿವಿಡಿ ಓಡುತ್ತೆ, ಬ್ಲೂ-ರೇ ಹಾಕಿದರೆ ಮಾತ್ರ ಸುತ್ತಿ ಸುತ್ತಿ ನೋ ಡಿಸ್ಕ್ ಅನ್ನುತ್ತೆ' ಅಂತಾರೆ. ಅಲ್ಲಿಗೆ ಗೊತ್ತಾಗುತ್ತದೆ, ನೀಲಿ ಲೇಸರ್ ಸೋತಿದೆ ಅಥವಾ ಲೆನ್ಸ್ ಮೇಲೆ ಪೊರೆ ಕೂತಿದೆ ಅಂತ. ನಮ್ಮ ಮಲೆನಾಡ ಕಡೆ ಮಳೆಗಾಲ ಮುಗಿದ ಮೇಲೆ ಪೊರೆಯ ಕೇಸೇ ಜಾಸ್ತಿ. ಇಯರ್ ಬಡ್ ತುದಿಗೆ ಒಂದು ತೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್, ಒತ್ತದೆ ಒರೆಸಿದರೆ ಹತ್ತರಲ್ಲಿ ಕೆಲವು ಎದ್ದು ಕೂರುತ್ತವೆ. ಉಳಿದವಕ್ಕೆ ಲೇಸರ್ ಅಸೆಂಬ್ಲಿಯೇ ಬದಲಿಸಬೇಕು. ನಿಂತುಹೋದ ಮಾಡೆಲ್‌ಗೆ ಅದನ್ನು ಎಲ್ಲಿಂದ ತರಲಿ? ಇನ್ನೊಂದು ಸತ್ತ ಪ್ಲೇಯರ್‌ನಿಂದಲೇ ಕೀಳಬೇಕು.

ಹಾಗಾಗಿ ಹಳೇ ಒಪ್ಪೊ ಕೊಳ್ಳುವುದಾದರೆ ನಾಲ್ಕು ಜಾತಿ ಡಿಸ್ಕ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಸಿಡಿ, ಡಿವಿಡಿ, ಬ್ಲೂ-ರೇ, 4ಕೆ. ಪ್ರತಿಯೊಂದನ್ನೂ ಕೊನೆಯ ಅಧ್ಯಾಯಕ್ಕೆ ಹಾರಿಸಿ ನೋಡಿ. ಅಂಚಿನ ಕಡೆ ತಡವರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಹಳೇ ಕ್ಯಾಸೆಟ್: ಎಲ್ಲರೂ 4ಕೆ, ಎಸ್‌ಎಸಿಡಿ ಅಂತ ಹಾರಾಡುತ್ತಿದ್ದೀರಿ. ಮೇಡಂ ಮೊದಲ ಸಾಲಲ್ಲೇ ಹೇಳಿದ್ದಾರೆ, ಅರ್ಧಕ್ಕಿಂತ ಜಾಸ್ತಿ ವಿಸಿಡಿ ಅಂತ. ಅದನ್ನು ಯಾರಾದರೂ ಓದಿದಿರಾ?

ಈ 'ಯೂನಿವರ್ಸಲ್' ಅನ್ನುವ ಹಣೆಪಟ್ಟಿ ಜಪಾನ್, ಅಮೆರಿಕದ ಆಡಿಯೊ ಜನರಿಗೆ ಹುಟ್ಟಿದ್ದು. ಅವರ ಜಗತ್ತಿನಲ್ಲಿ ವಿಸಿಡಿ ಅಷ್ಟಾಗಿ ಓಡಲೇ ಇಲ್ಲ. ಅದು ಓಡಾಡಿದ್ದು ನಮ್ಮ ಕಡೆ, ಚೀನಾ ಮತ್ತು ಆಗ್ನೇಯ ಏಷ್ಯಾದ ಕಡೆ. ಹಾಗಾಗಿ ಲಕ್ಷ ಬೆಲೆಯ ಪ್ಲೇಯರ್ ಕೈಪಿಡಿಯಲ್ಲೂ ಎಷ್ಟೋ ಸಲ ವಿಸಿಡಿ ಹೆಸರೇ ಇರುವುದಿಲ್ಲ. ಅದೇ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಸಿಗುತ್ತಿದ್ದ ಹೆಸರಿಲ್ಲದ ಚೀನಾ ಡಿವಿಡಿ ಪ್ಲೇಯರ್ ಏನು ಹಾಕಿದರೂ ನುಂಗುತ್ತಿತ್ತು. ವಿಸಿಡಿ, ಎಂಪಿ3 ಸಿಡಿ, ಗೀಚು ಬಿದ್ದದ್ದು, ಎಲ್ಲ. ಯಾವುದನ್ನೇ ಕೊಳ್ಳಿ, ಕಂಪನಿ ಸೈಟಿನಿಂದ ಆ ಮಾಡೆಲ್ಲಿನ, ಭಾರತದ ಆವೃತ್ತಿಯ ಕೈಪಿಡಿ ಇಳಿಸಿಕೊಳ್ಳಿ. 'ಓಡುವ ಡಿಸ್ಕ್‌ಗಳು' ಅನ್ನುವ ಪಟ್ಟಿಯಲ್ಲಿ ವಿಸಿಡಿ ಇದೆಯಾ ನೋಡಿ. ಅಂಗಡಿಯವನ ಮಾತು ನಂಬಬೇಡಿ.

ಕತ್ತಲೆ ಕೋಣೆ: ಸರ್, 55 ಇಂಚಿನ 4ಕೆ ಟಿವಿಯಲ್ಲಿ ವಿಸಿಡಿ ನೋಡುತ್ತಾರಾ? ಪಾಲ್ (ನಮ್ಮ ಕಡೆಯ ಹಳೇ ಟಿವಿ ಪದ್ಧತಿ) ವಿಸಿಡಿ ಅಂದರೆ 352 ಅಡ್ಡ, 288 ಉದ್ದ. 4ಕೆ ಅಂದರೆ 3840ಕ್ಕೆ 2160. ಒಂದು ಚುಕ್ಕೆಯನ್ನು ಎಂಬತ್ತು ಚುಕ್ಕೆ ಮಾಡಬೇಕು. ನಾಯಕನ ಮುಖ ಚೌಕ ಚೌಕವಾಗಿ ಕಾಣುತ್ತದೆ. ಯೂಟ್ಯೂಬಲ್ಲಿ ಅವೇ ಸಿನಿಮಾ ಇವೆ.

ಹಳೇ ಕ್ಯಾಸೆಟ್: ಯೂಟ್ಯೂಬಲ್ಲಿ ಇರುವುದರಲ್ಲಿ ಎಷ್ಟು ಅದೇ ವಿಸಿಡಿಯಿಂದ ಏರಿಸಿದ್ದು ಅಂತ ನೋಡಿದ್ದೀರಾ? ಮೂಲೆಯಲ್ಲಿ ವಿಡಿಯೊ ಕಂಪನಿ ಲೋಗೊ ತಿರುಗುತ್ತಿರುತ್ತದೆ. ಹಾಡು ಕತ್ತರಿಸಿರುತ್ತಾರೆ. ಒಂದು ದಿನ ವಿಡಿಯೊ ಮಾಯ. 2007ರ ಸುಮಾರಿಗೆ ಮೋಸರ್ ಬೇರ್ ಅನ್ನುವ ಡಿಸ್ಕ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಮಾರಿತು. ಆಗ ಮನೆ ಮನೆಗೂ ಹಳೇ ಸಿನಿಮಾ ಬಂತು. ಆ ಕಂಪನಿಯೇ ಈಗಿಲ್ಲ. ಬ್ಲೂ-ರೇ ಬಂದ ಕನ್ನಡ ಸಿನಿಮಾ ಹುಡುಕಿ ನೋಡಿ, ಬೆರಳಲ್ಲಿ ಎಣಿಸಬಹುದು. ಮೇಡಂ ಅಪ್ಪ ಕೂಡಿಟ್ಟ ಡಬ್ಬಕ್ಕೆ ಬೆಲೆ ಇರುವುದು ಅದಕ್ಕೇ.

ಫ್ರೀಮಾಂಟ್ ಕನ್ನಡಿಗ: ಅಕ್ಕ ತಂದ ಡಿವಿಡಿಗಳ ಬಗ್ಗೆ ನನ್ನ ಕಡೆಯಿಂದ. ಹಿಂಬದಿಯಲ್ಲಿ ಭೂಮಿಯ ಗೋಳದ ಚಿತ್ರದೊಳಗೆ ಅಂಕಿ ಇರುತ್ತದೆ ನೋಡಿ. ಅದೇ ರೀಜನ್, ಯಾವ ಕಡೆಯ ಪ್ಲೇಯರಲ್ಲಿ ಓಡಬೇಕು ಅನ್ನುವ ಗುರುತು. 1 ಅಂದರೆ ಅಮೆರಿಕ, ಕೆನಡಾ. ಭಾರತದ್ದು 5. ಭಾರತದಲ್ಲಿ ಮಾರುವ ಕಂಪನಿ ಪ್ಲೇಯರ್ 1ನ್ನು ಹಾಕಿದರೆ ಬಾಗಿಲು ಹಾಕುತ್ತದೆ. ಬ್ಲೂ-ರೇಗೆ ಅಂಕಿ ಬದಲು ಅಕ್ಷರ. ಅಮೆರಿಕ, ಜಪಾನ್ 'ಎ', ಯುರೋಪ್ 'ಬಿ', ಭಾರತ 'ಸಿ'. 4ಕೆ ಡಿಸ್ಕ್‌ಗೆ ಮಾತ್ರ ಈ ಗೊಡವೆ ಇಲ್ಲ. ಎಲ್ಲಿಯದನ್ನು ಎಲ್ಲಾದರೂ ಹಾಕಿ.

ಇಲ್ಲಿ ಅಮೆರಿಕದಲ್ಲಿ ನಮಗೆ ಉಲ್ಟಾ ತಲೆನೋವು. ಊರಿಂದ ತಂದ ಡಿವಿಡಿ ಎಷ್ಟೋ ಸಲ 'ಆಲ್ ರೀಜನ್' ಆಗಿರುತ್ತದೆ, ಆದರೆ ಪಾಲ್‌ನಲ್ಲಿ ಇರುತ್ತದೆ. ಇಲ್ಲಿನ ಬಹಳಷ್ಟು ಪ್ಲೇಯರ್‌ಗಳಿಗೆ ಇಲ್ಲಿಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ ಬಿಟ್ಟರೆ ಬೇರೆ ಗೊತ್ತಿಲ್ಲ. ನಿಮ್ಮ ಕಡೆ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ, ಪುಣ್ಯ. ಇನ್ನೊಂದು, ಅಕ್ಕನಿಗೆ ಹೇಳಿ ಅಮೆರಿಕದಿಂದ ಪ್ಲೇಯರ್ ತರಿಸೋಣ ಅಂತ ಇದ್ದರೆ ಹಿಂದಿನ ಸ್ಟಿಕ್ಕರ್‌ನಲ್ಲಿ ವೋಲ್ಟೇಜ್ ಓದಿಸಿ. ಬರೀ 120 ಅಂತಿದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಹೊಗೆ.

ಹೊಸ ಹುಡುಗ: ಗೇಮ್ ಆಡೋ ಪಿಎಸ್5 (ಪ್ಲೇಸ್ಟೇಷನ್) ತಗೊಂಡರೆ ಆಗಲ್ವಾ? ಡಿಸ್ಕ್ ಡ್ರೈವ್ ಇರೋದು. ಗೇಮೂ ಆಯ್ತು, 4ಕೆ ಬ್ಲೂ-ರೇನೂ ಆಯ್ತು.

ಲೆನ್ಸ್ ರಿಪೇರಿ: ಪಿಎಸ್5ಗೆ ಆಡಿಯೊ ಸಿಡಿ ಹಾಕಿ ನೋಡು ಗುರು. ಓಡಲ್ಲ. ಮೇಡಂ ಭಾವಗೀತೆ ಎಲ್ಲಿ ಕೇಳಬೇಕು? ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಸಿಡಿ ಓಡಿಸುತ್ತದೆ, ಎಸ್‌ಎಸಿಡಿ ಇಲ್ಲ.

ಕಿವಿ ಸಾಕು: ಎಸ್‌ಎಸಿಡಿ ಬಿಟ್ಟು ಲೆಕ್ಕ ಹಾಕಿ ಮೇಡಂ, ಆಯ್ಕೆ ಎಷ್ಟೋ ಸುಲಭ ಆಗುತ್ತದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವ ಇಬ್ಬರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಎಸ್‌ಎಸಿಡಿ, ಡಿವಿಡಿ-ಆಡಿಯೊದ ಧ್ವನಿಯನ್ನು ಮಧ್ಯದಲ್ಲಿ ಸಿಡಿ ಮಟ್ಟಕ್ಕೆ ಇಳಿಸಿ, ಯಾವುದು ಯಾವುದು ಅಂತ ಹೇಳದೆ ಜನರಿಗೆ ಕೇಳಿಸಿದರು. ಸರಿ ಉತ್ತರ ಬಂದದ್ದು ಅರ್ಧಕ್ಕರ್ಧ. ನಾಣ್ಯ ಎಸೆದಿದ್ದರೂ ಅಷ್ಟೇ ಬರುತ್ತಿತ್ತು.

ಕತ್ತಲೆ ಕೋಣೆ: ಅದೇ ಬರಹದ ಮುಂದಿನ ಭಾಗ ಯಾಕೆ ಬಿಟ್ಟಿರಿ? ಆ ಡಿಸ್ಕ್‌ಗಳು ಸಿಡಿಗಿಂತ ಚೆನ್ನಾಗಿ ಕೇಳಿಸುತ್ತವೆ ಅಂತಲೂ ಅವರು ಬರೆದಿದ್ದಾರೆ. ಕಾರಣ ಮಾಸ್ಟರಿಂಗ್, ಅಂದರೆ ಡಿಸ್ಕ್‌ಗೆ ಹಾಕುವ ಮೊದಲು ಧ್ವನಿಯನ್ನು ಕೊನೆಯದಾಗಿ ಹದ ಮಾಡುವುದು. ಅದನ್ನು ಜಾಸ್ತಿ ಮುತುವರ್ಜಿಯಿಂದ ಮಾಡಿರುತ್ತಾರೆ. ನನಗೆ ಬೇಕಿರುವುದು ಚೆನ್ನಾಗಿ ಕೇಳುವ ಡಿಸ್ಕ್. ಯಾಕೆ ಚೆನ್ನಾಗಿದೆ ಅನ್ನುವುದು ಕಟ್ಟಿಕೊಂಡು ಏನಾಗಬೇಕು? ಜೊತೆಗೆ ಎಷ್ಟೋ ಎಸ್‌ಎಸಿಡಿಯಲ್ಲಿ 5.1, ಅಂದರೆ ಸುತ್ತಲಿಂದ ಕೇಳುವ ಧ್ವನಿ, ಇರುತ್ತದೆ, ಸಿಡಿಯಲ್ಲಿ ಎಲ್ಲಿದೆ?

ಕಿವಿ ಸಾಕು: 5.1 ಒಪ್ಪಿದೆ. ಆದರೆ ಅದನ್ನು ಕೇಳಲು ಐದು ಸ್ಪೀಕರ್ ಬೇಕು. ಮೇಡಂ ಹತ್ತಿರ ಆಂಪ್ಲಿಫೈಯರ್ ಯಾವುದಿದೆ ಅಂತ ಇಲ್ಲಿ ಯಾರೂ ಕೇಳಲೇ ಇಲ್ಲ.

ನಾಲ್ಕನೇ ಬ್ಲಾಕ್: ಆಂಪ್ಲಿಫೈಯರ್ ಹಳೆಯದು, ಅಪ್ಪನದೇ. ಹಿಂದೆ ನೋಡಿದೆ. ಎಚ್‌ಡಿಎಂಐ ಇಲ್ಲ. ಕೆಂಪು-ಬಿಳಿ ತೂತುಗಳಿವೆ, ಮುಚ್ಚಳ ಇರುವ ಚೌಕದ ತೂತು ಒಂದಿದೆ. ಎರಡು ದೊಡ್ಡ ಸ್ಪೀಕರ್. ಇದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಕಿವಿ ಸಾಕು: ಪೂರ್ತಿ ಆಗುತ್ತದೆ. ಚೌಕದ ತೂತು ಆಪ್ಟಿಕಲ್, ಅಂದರೆ ಡಿಜಿಟಲ್ ಧ್ವನಿಯನ್ನು ಬೆಳಕಲ್ಲಿ ಕಳಿಸುವ ವೈರಿಗೆ. ಕಳ್ಳ ಪ್ರತಿ ಆಗಬಾರದು ಅಂತ ಎಸ್‌ಎಸಿಡಿಯ ಧ್ವನಿಯನ್ನು ಆಪ್ಟಿಕಲ್, ಕೊಆಕ್ಸಿಯಲ್ ಎರಡೂ ಬಗೆಯ ಡಿಜಿಟಲ್ ವೈರಲ್ಲಿ ಹೊರಗೆ ಬಿಡುವುದಿಲ್ಲ. ಎಚ್‌ಡಿಎಂಐ ಬೇಕು, ಇಲ್ಲವೇ ಪ್ಲೇಯರ್ ಹಿಂದೆ ಕೆಂಪು-ಬಿಳಿ ಅನಲಾಗ್ ತೂತು ಬೇಕು. ಕತ್ತಲೆ ಕೋಣೆಯವರ ಸೋನಿಯಲ್ಲಿ ಎರಡು ಎಚ್‌ಡಿಎಂಐ ಮತ್ತು ಒಂದು ಕೊಆಕ್ಸಿಯಲ್ ಅಷ್ಟೇ. ಅನಲಾಗ್ ಇಲ್ಲ, ಆಪ್ಟಿಕಲ್ಲೂ ಇಲ್ಲ. ಅಂದರೆ ಎಸ್‌ಎಸಿಡಿ ಓಡುತ್ತದೆ, ಆದರೆ ಆ ಧ್ವನಿ ನಿಮ್ಮ ಅಪ್ಪನ ಆಂಪ್ಲಿಫೈಯರಿಗೆ ನೇರವಾಗಿ ಮುಟ್ಟುವುದೇ ಇಲ್ಲ.

ಕತ್ತಲೆ ಕೋಣೆ: ಟಿವಿಗೆ ಎಚ್‌ಡಿಎಂಐ ಕೊಟ್ಟು, ಟಿವಿಯ ಆಪ್ಟಿಕಲ್‌ನಿಂದ ಆಂಪ್ಲಿಫೈಯರಿಗೆ ಕೊಡಬಹುದು. ಸಿನಿಮಾಕ್ಕೆ ಸಾಕು. ಆದರೆ ಎಸ್‌ಎಸಿಡಿಗೆ ಆ ಸುತ್ತು ದಾರಿ ದಂಡ, ಒಪ್ಪುತ್ತೇನೆ. ಅನಲಾಗ್ ಇರುವ ನಿಜವಾದ ಯೂನಿವರ್ಸಲ್ ಬೇಕೆಂದರೆ ಒಪ್ಪೊ, ಪಯನಿಯರ್ ಎಲ್‌ಎಕ್ಸ್500, ಈಗ ಬರುತ್ತಿರುವ ಮ್ಯಾಗ್ನೆಟಾರ್. ಹೊಸದಕ್ಕೆ ನಿಮ್ಮ ನಲವತ್ತು ಸಾವಿರ ಸಾಲುವುದಿಲ್ಲ.

ಧಾರವಾಡ ಪೇಡೆ: ನೋಡಿದ್ರಾ, ತಿರುಗಿ ಒಪ್ಪೊಗೇ ಬಂದಿರಿ!

ಕಿವಿ ಸಾಕು: ನಾಲ್ಕೈದು ಎಸ್‌ಎಸಿಡಿಗಾಗಿ ರಿಪೇರಿ ಇಲ್ಲದ ಪ್ಲೇಯರಾ? ಮೇಡಂ, ಆ ಡಿಸ್ಕ್ ಮೇಲೆ 'ಹೈಬ್ರಿಡ್' ಅಂತ ಬರೆದಿದೆಯಾ ನೋಡಿ. ಇದ್ದರೆ ಅದರಲ್ಲಿ ಮಾಮೂಲಿ ಸಿಡಿ ಪದರವೂ ಇರುತ್ತದೆ. ಐನೂರು ರೂಪಾಯಿಯ ಹಳೇ ಸಿಡಿ ಪ್ಲೇಯರಲ್ಲೂ ಓಡುತ್ತದೆ.

ನಾಲ್ಕನೇ ಬ್ಲಾಕ್: ಒಂದು ಬಿಟ್ಟು ಉಳಿದದ್ದರ ಮೇಲೆಲ್ಲ ಹೈಬ್ರಿಡ್ ಅಂತಿದೆ. ಯಜಮಾನರ ಮುಖ ಸಪ್ಪೆ ಆಯಿತು. ಆದರೂ ಸಿಡಿ ಪದರ ಸಾಕು ಅಂದರು.

ಹಳೇ ಕ್ಯಾಸೆಟ್: ಹಾಗಾದರೆ ಎರಡು ಸಾವಿರ ರೂಪಾಯಿ ಆಸುಪಾಸಿನ ಸಾದಾ ಡಿವಿಡಿ ಪ್ಲೇಯರ್ ತಗೊಳ್ಳಿ. ವಿಸಿಡಿ ಇದೆಯಾ, ರೀಜನ್ 1 ಓಡುತ್ತಾ ಅಂತ ಅಂಗಡಿಯಲ್ಲೇ ನಿಮ್ಮ ಡಿಸ್ಕ್ ಹಾಕಿ ನೋಡಿ. ಅದರ ಕೆಂಪು-ಬಿಳಿ ವೈರ್ ನೇರ ಆಂಪ್ಲಿಫೈಯರಿಗೆ ಹೋಗುತ್ತದೆ. ಡಬ್ಬದ ಮುಕ್ಕಾಲು ಪಾಲು ಅಲ್ಲಿಗೆ ಮುಗಿಯಿತು. ಅಂಗೈ ಅಗಲದ ಪೆಟ್ಟಿಗೆ, ಸ್ಪೀಕರ್ ಮೇಲೂ ಕೂರುತ್ತದೆ. ಬ್ಲೂ-ರೇಗೆ ಆಮೇಲೆ ನಿಧಾನಕ್ಕೆ ಒಂದು ತಗೊಳ್ಳಿ.

ಕತ್ತಲೆ ಕೋಣೆ: ನಿಧಾನ ಬೇಡ. ಸ್ಯಾಮ್‌ಸಂಗ್ 2019ರಲ್ಲಿ ಈ ವ್ಯಾಪಾರ ಬಿಟ್ಟಿತು, ಎಲ್‌ಜಿ 2024ರಲ್ಲಿ. ಇನ್ನು ಉಳಿದಿರುವ ದೊಡ್ಡ ಹೆಸರು ಸೋನಿ, ಪ್ಯಾನಸೋನಿಕ್ ಎರಡೇ. ಎಸ್‌ಎಸಿಡಿ ಬಿಟ್ಟಿರಿ ಅಂದ ಮೇಲೆ ನನ್ನ ಓಟು ಪ್ಯಾನಸೋನಿಕ್ ಯುಬಿ820ಕ್ಕೆ. ಅದರಲ್ಲಿ ಆಪ್ಟಿಕಲ್ ಇದೆ, ನಿಮ್ಮ ಆಂಪ್ಲಿಫೈಯರಿಗೆ ಸರಿಹೋಗುತ್ತದೆ.

ಲೆನ್ಸ್ ರಿಪೇರಿ: ಪ್ಲೇಯರ್ ಯಾವುದೇ ಇರಲಿ, ಮೇಡಂ, ಮದುವೆ ಡಿವಿಡಿ ಮೊದಲು ನೋಡಿ. ಅಂಗಡಿಯಲ್ಲಿ ಕೊಳ್ಳುವ ಡಿಸ್ಕ್ ಅಚ್ಚೊತ್ತಿದ್ದು. ಫೋಟೋ ಸ್ಟುಡಿಯೊದವರು ಕೊಟ್ಟದ್ದು ಬಣ್ಣದ ಪದರದ ಮೇಲೆ ಲೇಸರಲ್ಲಿ ಸುಟ್ಟದ್ದು, ಹಿಂಬದಿ ನೇರಳೆಯಾಗಿ ಹೊಳೆಯುತ್ತದೆ. ಆ ಬಣ್ಣ ಬಿಸಿಲಿಗೂ ಬಿಸಿಗೂ ಮಾಸುತ್ತದೆ. ಡಬ್ಬದಲ್ಲಿ ಮೊದಲು ಸಾಯುವುದು ಅವೇ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ತಗೊಂಡು ಲ್ಯಾಪ್‌ಟಾಪಿಗೆ ಹಾಕಿ, ವಿಡಿಯೊ_ಟಿಎಸ್ ಅನ್ನುವ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳಿ. ಎರಡು ಕಡೆ ಇಡಿ.

ಹಳೇ ಕ್ಯಾಸೆಟ್: ವಿಸಿಡಿಗೂ ಅದೇ ಡ್ರೈವ್ ಸಾಕು. ಅದಕ್ಕೆ ಬೀಗ ಇಲ್ಲ. ಎಂಪೆಗ್‌ಎವಿ ಫೋಲ್ಡರಿನೊಳಗೆ ಎವಿಸೀಕ್01.ಡ್ಯಾಟ್ ಅಂತ ಒಂದು ದೊಡ್ಡ ಫೈಲ್ ಇರುತ್ತದೆ. ವಿಎಲ್‌ಸಿ ಅನ್ನುವ ಕಂಪ್ಯೂಟರ್ ಪ್ಲೇಯರಲ್ಲಿ ಹಾಗೇ ಓಡುತ್ತದೆ.

ನಾಲ್ಕನೇ ಬ್ಲಾಕ್: ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗುತ್ತೇವೆ. ಡ್ರೈವ್ ಮತ್ತು ಸಾದಾ ಪ್ಲೇಯರ್ ಎರಡೂ ತಗೊಳ್ಳುತ್ತೇವೆ. ಪ್ಯಾನಸೋನಿಕ್ ಇವರ ಹುಟ್ಟುಹಬ್ಬಕ್ಕೆ ನೋಡೋಣ. ಅಕ್ಕನ ಡಿವಿಡಿ ಆ ಡ್ರೈವಲ್ಲಿ ಓಡುತ್ತಾ?

ಫ್ರೀಮಾಂಟ್ ಕನ್ನಡಿಗ: ಓಡಬಹುದು, ಆದರೆ ಹುಷಾರು. ಡ್ರೈವ್‌ಗೂ ರೀಜನ್ ಇದೆ, ಐದೇ ಸಲ ಬದಲಿಸಬಹುದು. ಐದನೇದು ಯಾವುದೋ ಅದೇ ಗಟ್ಟಿ. ವಿಂಡೋಸ್ 'ರೀಜನ್ ಬದಲಿಸಲೇ' ಅಂತ ಕೇಳಿದರೆ ಕೂಡಲೇ ಒತ್ತಬೇಡಿ, ಮೊದಲು ವಿಎಲ್‌ಸಿಯಲ್ಲಿ ತೆರೆದು ನೋಡಿ.

ಧಾರವಾಡ ಪೇಡೆ: ಎಸ್‌ಪಿ ರೋಡಲ್ಲಿ ಒಪ್ಪೊ ಕಂಡರೆ ಒಂದು ಫೋಟೋ ಹಾಕಿ ಮೇಡಂ. ನೀವು ತಗೊಳ್ಳದಿದ್ದರೆ ನಾನು ಬರುತ್ತೇನೆ.

ಲೆನ್ಸ್ ರಿಪೇರಿ: ನಾಲ್ಕು ಡಿಸ್ಕ್ ತಗೊಂಡು ಬಾ ಅಣ್ಣ.