ಪದಚರ್ಚೆ: 'ಸ್ವಿಚಿಂಗ್ ಫ್ರೀಕ್ವೆನ್ಸಿ', 'ಸಿಂಕ್ರೊನೈಸ್' – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸ್ಟೆಪ್-ಡೌನ್ ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿ ಕೊಡುವ ಚಿಪ್) ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಆರ್‌ಟಿ ಪಿನ್ನಿನಿಂದ ಗ್ರೌಂಡಿಗೆ ಹಾಕುವ ರೆಸಿಸ್ಟರ್ ಅದರ ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು, ಅಂದರೆ ಒಳಗಿನ ಸ್ವಿಚ್ ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗಬೇಕು ಎಂಬುದನ್ನು, ತೀರ್ಮಾನಿಸುತ್ತದೆ. ಸಿಂಕ್ ಪಿನ್ನಿಗೆ ಹೊರಗಿನ ಕ್ಲಾಕ್ (ಒಂದೇ ಲಯದಲ್ಲಿ ಬರುವ ಮಿಡಿತಗಳ ಸಂಕೇತ) ಕೊಟ್ಟರೆ ರೆಗ್ಯುಲೇಟರ್ ಅದಕ್ಕೆ ಸಿಂಕ್ರೊನೈಸ್ ಆಗುತ್ತದೆ. ಸದ್ಯಕ್ಕೆ 'ಸ್ವಿಚಿಂಗ್ ಆವೃತ್ತಿ', 'ಏಕಕಾಲಿಕಗೊಳಿಸು' ಎಂದು ಬರೆದಿದ್ದೇನೆ. ನಡೆಯುತ್ತಾ?

ಉತ್ತರ 1

'ಏಕಕಾಲಿಕ' ತೆಗೆದುಹಾಕಿ. ಅದು ಅರ್ಥವನ್ನೇ ಕೆಡಿಸುತ್ತದೆ. ಎರಡು ರೆಗ್ಯುಲೇಟರ್‌ಗಳನ್ನು ಒಂದೇ ಕ್ಲಾಕಿಗೆ ಕಟ್ಟಿ, ನಡುವೆ 180 ಡಿಗ್ರಿ ಅಂತರ ಕೊಡುವುದುಂಟು. ಒಂದು ಆನ್ ಆದ ಅರ್ಧ ಸುತ್ತಿನ ನಂತರ ಇನ್ನೊಂದು ಆನ್ ಆಗುತ್ತದೆ. ಇನ್‌ಪುಟ್ ಕೆಪಾಸಿಟರ್ ಮೇಲಿನ ಏರಿಳಿತ ಕಡಿಮೆಯಾಗಲಿ ಅಂತಲೇ ಹೀಗೆ ಮಾಡುತ್ತಾರೆ. ಎರಡೂ ಸಿಂಕ್‌ನಲ್ಲಿವೆ, ಆದರೆ ಏಕಕಾಲದಲ್ಲಿ ಆನ್ ಆಗುವುದಿಲ್ಲ. 'ಸಿಂಕ್ರೊನೈಸ್' ಪದದ ಗ್ರೀಕ್ ಮೂಲದಲ್ಲಿರುವ 'ಜೊತೆ' ಮತ್ತು 'ಕಾಲ' ಎರಡನ್ನೂ ಹಾಗೇ ಸಂಸ್ಕೃತಕ್ಕೆ ಇಳಿಸಿದ್ದರಿಂದ ಬಂದ ತೊಡಕು ಇದು.

'ಹೊಂದಿಕೊಳ್ಳು' ಎನ್ನಿ. 'ಕೊಳ್ಳು' ಇರುವುದರಿಂದ ಯಾರು ಯಾರಿಗೆ ಹೊಂದಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ: ರೆಗ್ಯುಲೇಟರ್ ಕ್ಲಾಕಿಗೆ. ಆದರೆ ರೆಸಿಸ್ಟರ್ ವಿಷಯದಲ್ಲಿ 'ಹೊಂದಿಸು' ಬೇಡ, ಅಲ್ಲಿ 'ನಿಗದಿ ಮಾಡು' ಎಂದೇ ಇರಲಿ. ಎರಡೂ ಕಡೆ ಒಂದೇ ಧಾತು ಬಂದರೆ ಓದುಗರು ಎಡವುತ್ತಾರೆ. ಕೆಲವು ಚಿಪ್‌ಗಳಲ್ಲಿ ಹೊರಗಿನ ಕ್ಲಾಕ್ ರೆಸಿಸ್ಟರ್ ನಿಗದಿ ಮಾಡಿದ್ದಕ್ಕಿಂತ ವೇಗವಾಗಿರಲೇಬೇಕು. ಅಂಥ ವಾಕ್ಯದಲ್ಲಿ ಈ ವ್ಯತ್ಯಾಸ ಮಸುಕಾದರೆ ಬೋರ್ಡೇ ಸರಿಯಾಗಿ ಓಡುವುದಿಲ್ಲ.

'ಆವೃತ್ತಿ' ಇರಲಿ. ಶಾಲೆಯಲ್ಲೇ ಕಲಿತ ಪದ.

ಉತ್ತರ 2

ಇರಲಿ ಅಂದರೆ ಹೇಗೆ? 'ಮೊದಲ ಆವೃತ್ತಿ' ಎಂದರೆ ಪುಸ್ತಕ ನೆನಪಾಗುತ್ತದೆ. 'ಆವರ್ತನ' ಎಂದರೆ ತಾಳದ ಒಂದು ಸುತ್ತು, ಸುತ್ತುಗಳ ಲೆಕ್ಕ ಅಲ್ಲ. 'ಕಂಪನಾಂಕ'ವೂ ಬೇಡ, ಸ್ವಿಚ್ ಎಲ್ಲಿ ಕಂಪಿಸುತ್ತದೆ? ಸಂಸ್ಕೃತದಿಂದ ತಂದರೆ ಕನ್ನಡ, ಇಂಗ್ಲಿಷಿನಿಂದ ತಂದರೆ ಕಲಬೆರಕೆ ಎನ್ನುವುದು ಯಾವ ನ್ಯಾಯ? 'ಸಲದೆಣಿಕೆ' ಎನ್ನಿ. 500 ಕಿಲೋಹರ್ಟ್ಜ್ ಎಂದರೆ ಸೆಕೆಂಡಿಗೆ 5 ಲಕ್ಷ ಸಲ. ಪದ ನೋಡಿದ ಕೂಡಲೇ ಅರ್ಥವಾಗುತ್ತದೆ.

ಉತ್ತರ 3

ಸಲದೆಣಿಕೆ ಯಾರೂ ಕೇಳದ ಪದ. ನಾಳೆ ಅಚ್ಚಾಗುವ ಕೈಪಿಡಿಯಲ್ಲಿ ಅದನ್ನು ಸುಮ್ನೆ ಪ್ರಯೋಗ ಮಾಡಬೇಡಿ. ಬೋರ್ಡ್ ಮುಂದೆ ಕೂತವರು 'ಫ್ರೀಕ್ವೆನ್ಸಿ ಜಾಸ್ತಿ ಮಾಡು, ಇಂಡಕ್ಟರ್ ಚಿಕ್ಕದಾಗುತ್ತೆ, ಆದ್ರೆ ಸ್ವಿಚ್ ಬಿಸಿಯಾಗುತ್ತೆ' ಎಂದೇ ಮಾತಾಡುತ್ತಾರೆ. ಆ ವಾಕ್ಯದ ವ್ಯಾಕರಣ ಪೂರ್ತಿ ಕನ್ನಡ. ಸ್ವಿಚ್, ರೆಸಿಸ್ಟರ್, ಕ್ಲಾಕ್ ಬಿಟ್ಟುಕೊಂಡು ಫ್ರೀಕ್ವೆನ್ಸಿಯನ್ನು ಮಾತ್ರ ಬಾಗಿಲಲ್ಲಿ ತಡೆಯುವುದು ಯಾಕೆ?

ಉತ್ತರ 2, ಮತ್ತೆ

ಯಾಕೆಂದರೆ ಸ್ವಿಚ್ ಒಂದು ವಸ್ತು, ಫ್ರೀಕ್ವೆನ್ಸಿ ಒಂದು ಪರಿಕಲ್ಪನೆ. ವಸ್ತು ಬರುವಾಗ ಹೆಸರು ಹೊತ್ತೇ ಬರುತ್ತದೆ. ಪರಿಕಲ್ಪನೆಯನ್ನು ನಮ್ಮ ಮಾತಲ್ಲಿ ಹೇಳಲಾಗದಿದ್ದರೆ ಅದು ನಮಗೆ ಇನ್ನೂ ದಕ್ಕಿಲ್ಲ.

ಕೇಳಿದವರು

'ಏಕಕಾಲಿಕ' ತೆಗೆದೆ. ಈಗ ಹೀಗಿದೆ: 'ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು ಆರ್‌ಟಿ ರೆಸಿಸ್ಟರ್‌ನಿಂದ ನಿಗದಿ ಮಾಡಿ. ಸಿಂಕ್ ಪಿನ್ನಿಗೆ ಕ್ಲಾಕ್ ಕೊಟ್ಟರೆ ರೆಗ್ಯುಲೇಟರ್ ಅದಕ್ಕೆ ಹೊಂದಿಕೊಳ್ಳುತ್ತದೆ.' ಇನ್ನೊಂದು ಉಳಿದಿದೆ. ಎರಡು ರೆಗ್ಯುಲೇಟರ್‌ಗಳು 500, 510 ಕಿಲೋಹರ್ಟ್ಜ್‌ನಲ್ಲಿ ತಮ್ಮಷ್ಟಕ್ಕೆ ಓಡಿದರೆ ಕಿವಿಗೆ ಕೇಳುವ 10 ಕಿಲೋಹರ್ಟ್ಜ್ ಬೀಟ್ (ಎರಡರ ವ್ಯತ್ಯಾಸದಷ್ಟು ಫ್ರೀಕ್ವೆನ್ಸಿಯ ಏರಿಳಿತ) ಹುಟ್ಟುತ್ತದಲ್ವಾ, ಆ 'ಬೀಟ್'ಗೆ ಏನನ್ನಲಿ?