4ಕೆ ಗೇಮಿಂಗ್‌ಗೆ ಪ್ರೊಸೆಸರ್ ಬದಲಾಯಿಸ್ಬೇಕಾ? ಮಾಡಿದವ್ರು ಅನುಭವ ಹೇಳಿ

ನಮಸ್ಕಾರ ಎಲ್ರಿಗೂ. ನಂದು ಪ್ರೊಸೆಸರ್ ರೈಜನ್ 5 3600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3080, ಬಿ450 ಮದರ್‌ಬೋರ್ಡು, 16 ಜಿಬಿ ರ‍್ಯಾಮ್. ಹೋದ ತಿಂಗಳು 120 ಹರ್ಟ್ಜ್‌ದು 4ಕೆ ಟಿವಿ ತಗೊಂಡೆ. ಗೇಮಲ್ಲಿ ಜನ ಜಾಸ್ತಿ ಇರೋ ಕಡೆ ಹೋದ್ರೆ ಸಾಕು, ತಡವರಿಸುತ್ತೆ. ಒಬ್ರು ಪ್ರೊಸೆಸರ್ ಹಳೇದು ಬದಲಾಯಿಸು ಅಂತಾರೆ, ಇನ್ನೊಬ್ರು 4ಕೆ ಅಲ್ಲಿ ಪ್ರೊಸೆಸರ್ ಲೆಕ್ಕಕ್ಕೇ ಬರಲ್ಲ ಅಂತಾರೆ. ದುಡ್ಡು ಹಾಕಿ ನೋಡಿದವ್ರು ದಯವಿಟ್ಟು ಹೇಳಿ.

* * *

ಇಬ್ರು ಹೇಳಿದ್ದೂ ಅರ್ಧರ್ಧ ಸರಿ ಗುರು. 1080ಪಿ ಅಂದ್ರೆ ಸುಮಾರು 20 ಲಕ್ಷ ಪಿಕ್ಸೆಲ್, 4ಕೆ ಅಂದ್ರೆ 83 ಲಕ್ಷ, ಆ ನಾಲ್ಕು ಪಟ್ಟು ಕೆಲಸ ಬೀಳೋದು ಗ್ರಾಫಿಕ್ಸ್ ಕಾರ್ಡ್ ತಲೆ ಮೇಲೆ, ಪ್ರೊಸೆಸರ್‌ದೇನಿದ್ರೂ ಜನ ಎಲ್ಲಿ ನಡೀಬೇಕು ಗಾಡಿ ಎಲ್ಲಿ ತಿರುಗ್ಬೇಕು ಅನ್ನೋ ಲೆಕ್ಕ, ಅದು ಯಾವ ರೆಸಲ್ಯೂಷನ್ ಆದ್ರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಆದ್ರೆ ನೀವು ಡಿಎಲ್‌ಎಸ್‌ಎಸ್ (ಗೇಮನ್ನ ಕಮ್ಮಿ ರೆಸಲ್ಯೂಷನ್‌ನಲ್ಲಿ ಓಡ್ಸಿ 4ಕೆಗೆ ಹಿಗ್ಗಿಸೋದು) ಹಾಕ್ತೀರಾ ಇಲ್ವಾ ಹೇಳೇ ಇಲ್ಲ. ಕ್ವಾಲಿಟಿ ಹಾಕಿದ್ರೆ ಒಳಗೆ ಓಡೋದು 1440ಪಿ, ಪರ್ಫಾರ್ಮೆನ್ಸ್ ಹಾಕಿದ್ರೆ 1080ಪಿ. ಅಲ್ಲಿಗೆ ಭಾರ ವಾಪಸ್ ಪ್ರೊಸೆಸರ್ ಮೇಲೆ ಬಂತು.

ನಂದೂ 3600, 3080 ಜೋಡಿನೇ. ಸೈಬರ್‌ಪಂಕ್‌ನಲ್ಲಿ ಮಾರ್ಕೆಟ್ ಹತ್ರ ನಿಂತು ಆಫ್ಟರ್‌ಬರ್ನರ್ (ಕಾರ್ಡ್, ಪ್ರೊಸೆಸರ್ ಎಷ್ಟು ದುಡೀತಿದೆ ಅಂತ ತೋರ್ಸೋ ಸಾಫ್ಟ್‌ವೇರ್) ಆನ್ ಮಾಡಿ ನೋಡ್ದೆ. ನೇಟಿವ್ 4ಕೆ ಅಲ್ಲಿ, ಅಂದ್ರೆ ಡಿಎಲ್‌ಎಸ್‌ಎಸ್ ಇಲ್ದೆ, ಕಾರ್ಡ್ ಬಳಕೆ 98%, ಅಂದ್ರೆ ಪ್ರೊಸೆಸರ್ ಆರಾಮಾಗಿದೆ. ಡಿಎಲ್‌ಎಸ್‌ಎಸ್ ಪರ್ಫಾರ್ಮೆನ್ಸ್‌ಗೆ ಹಾಕ್ದೆ, ಸೆಕೆಂಡಿಗೆ ಫ್ರೇಮ್ ಅರವತ್ತರ ಆಸುಪಾಸಲ್ಲೇ ನಿಂತ್ಕೊಳ್ತು, ಕಾರ್ಡ್ 70%ಗೆ ಇಳೀತು, ಅಂದ್ರೆ ಅದು ಪ್ರೊಸೆಸರ್‌ಗೆ ಕಾಯ್ತಿದೆ. ಪ್ರೊಸೆಸರ್ ಒಟ್ಟು ಬಳಕೆ ಬರೀ 50% ತೋರಿಸ್ತಿತ್ತು, ಅದನ್ನ ನಂಬ್ಬೇಡಿ, 12 ಥ್ರೆಡ್ ಸರಾಸರಿ ಅದು, ಒಂದೆರಡು ಥ್ರೆಡ್ ಉಸಿರು ಕಟ್ಟಿದ್ರೂ ಅದ್ರಲ್ಲಿ ಕಾಣಲ್ಲ. ಆಮೇಲೆ ಅದೇ ಬೋರ್ಡಿಗೆ 5700ಎಕ್ಸ್3ಡಿ ಪ್ರೊಸೆಸರ್ ಹಾಕ್ದೆ. 3600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, ಇದ್ರಲ್ಲಿ 96. ನೇಟಿವ್‌ನಲ್ಲಿ ಸರಾಸರಿ ಎರಡು ಫ್ರೇಮ್ ಏರಿರ್ಬೋದು ಅಷ್ಟೇ, ಆದ್ರೆ ತಿರುವಲ್ಲಿ ಗಾಡಿ ತಿರುಗಿಸ್ದಾಗ ಬರ್ತಿದ್ದ ಆ ಗಕ್ ಅನ್ನೋ ಎಳೆತ ಹೋಯ್ತು. ನನಗೆ ಅದೇ ಬೇಕಿತ್ತು. ಸರಾಸರಿ ನೋಡ್ಬೇಡಿ, 1% ಲೋ (ತೀರಾ ನಿಧಾನ ಬಂದ 1% ಫ್ರೇಮ್‌ಗಳ ಲೆಕ್ಕ) ನೋಡಿ.

* * *

ನಮ್ಮ ಅನುಭವ ಬ್ಯಾರೆ ಐತ್ರಿ. ನಾ ಪೂರಾ ಎಎಂ5ಗೆ (ಎಎಂಡಿ ಮುಂದಿನ ಸಾಕೆಟ್) ಹೋದೆ, ಬೋರ್ಡ್ ಹೊಸಾದು, ಅದಕ್ಕ ಡಿಡಿಆರ್5 ಬಿಟ್ರ ಬ್ಯಾರೆ ನಡಿಯೂದಿಲ್ಲ, ಹಂಗಾಗಿ ರ‍್ಯಾಮೂ ಹೊಸಾದು. ಟಿವಿ 60 ಹರ್ಟ್ಜ್, ಕಾರ್ಡ್ ಹಳೇ 3060 ಟಿಐ. ನೇಟಿವ್ 4ಕೆ ಒಳಗ ಮೊದಲ 41 ಬರ್ತಿತ್ತು, ಈಗ 42. ಆ ರೊಕ್ಕಾ ಕಾರ್ಡಿಗೆ ಹಾಕಬೇಕಿತ್ತು ಅಂತ ಇವತ್ತಿಗೂ ಹೊಟ್ಟಿ ಉರಿತೈತಿ. ಮೊದಲ ಅಳದು ನೋಡ್ರಿ, ಆಮ್ಯಾಲ ಕೊಳ್ರಿ.

* * *

ರ‍್ಯಾಮ್ ಒಂದೇ ಕಡ್ಡಿನಾ ಎರಡಾ? ಬಯೋಸಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದ್ರೆ ಕಡ್ಡಿನ ಪೂರ್ತಿ ಸ್ಪೀಡಲ್ಲಿ ಓಡ್ಸೋ ಆಯ್ಕೆ, ಆನ್ ಇದ್ಯಾ? 3200ರ ಕಡ್ಡಿ 2133ರಲ್ಲಿ ಓಡ್ತಿರೋದು ಎಷ್ಟೋ ಮನೇಲಿ ನೋಡಿದೀನಿ. ಪೈಸೆ ಖರ್ಚಿಲ್ಲ, ಮೊದ್ಲು ಅದು ನೋಡಿ.

* * *

ಬದಲಾಯಿಸೋದೇ ಆದ್ರೆ ಹಳೇ ಪ್ರೊಸೆಸರ್ ಇರುವಾಗ್ಲೇ ಬಯೋಸ್ ಅಪ್‌ಡೇಟ್ ಮಾಡ್ಕೊಳಿ ಸರ್, ಇಲ್ಲಾಂದ್ರೆ ಹೊಸದು ಹಾಕಿದ್ಮೇಲೆ ಸ್ಕ್ರೀನೇ ಬರ್ದೇ ಹೋಗ್ಬೋದು. 5700ಎಕ್ಸ್3ಡಿ ಡಬ್ಬಿಯಲ್ಲಿ ಕೂಲರ್ ಇರಲ್ಲ, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಅದನ್ನೂ ತಗೊಂಡ್ಬಿಡಿ, 3600 ಜೊತೆ ಬಂದಿದ್ದ ಚಿಕ್ಕ ಕೂಲರ್ ಸಾಲಲ್ಲ. ಮುಖ್ಯವಾಗಿ ಹಳೇ ಕೂಲರ್ ಬಿಚ್ಚೋ ಮುಂಚೆ ಹತ್ತು ನಿಮಿಷ ಯಾವ್ದಾದ್ರೂ ಗೇಮ್ ಓಡ್ಸಿ ಪ್ರೊಸೆಸರ್‌ಗೂ ಕೂಲರ್‌ಗೂ ಮಧ್ಯೆ ಇರೋ ಪೇಸ್ಟ್ ಬಿಸಿ ಮಾಡಿ, ಪಿಸಿ ಆಫ್ ಮಾಡಿ, ಆಮೇಲೆ ಕೂಲರ್‌ನ ಆ ಕಡೆ ಈ ಕಡೆ ತಿರುಚಿ ಎತ್ತಿ. ನಾನು ತಣ್ಣಗಿದ್ದಾಗ ನೇರ ಎಳ್ದೆ, ಲಿವರ್ ಹಾಕಿದ್ರೂ ಪ್ರೊಸೆಸರ್ ಕೂಲರ್‌ಗೆ ಅಂಟ್ಕೊಂಡೇ ಕಿತ್ಕೊಂಡು ಬಂತು, ಮೂಲೇಲಿ ನಾಲ್ಕು ಪಿನ್ ಮಲಗಿದ್ವು. ಹಳೇ ಎಟಿಎಂ ಕಾರ್ಡ್ ಅಂಚು ಸಾಲಿನ ಮಧ್ಯೆ ತೂರಿಸಿ ಒಂದೊಂದೇ ನೆಟ್ಟಗೆ ಮಾಡೋಕೆ ಒಂದೂವರೆ ಗಂಟೆ ಹಿಡೀತು.

* * *

ಎಲ್ರಿಗೂ ತುಂಬಾ ಥ್ಯಾಂಕ್ಸ್. ಈಗ ತಾನೇ ನೋಡ್ದೆ, ರ‍್ಯಾಮ್ 2133ರಲ್ಲೇ ಇತ್ತು! ಎಕ್ಸ್‌ಎಂಪಿ ಆನ್ ಮಾಡಿದ್ಮೇಲೆ ತಡವರಿಕೆ ಸ್ವಲ್ಪ ಕಮ್ಮಿ ಆಯ್ತು, ಪೂರ್ತಿ ಹೋಗಿಲ್ಲ. ಡಿಎಲ್‌ಎಸ್‌ಎಸ್ ಕ್ವಾಲಿಟಿಯಿಂದ ಪರ್ಫಾರ್ಮೆನ್ಸ್‌ಗೆ ಇಳಿಸಿದ್ರೆ ಮೂರೇ ಫ್ರೇಮ್ ಜಾಸ್ತಿ, ಕಾರ್ಡ್ 74%. ಹಂಗಾದ್ರೆ ನನ್ನ ವಿಷ್ಯದಲ್ಲಿ ಪ್ರೊಸೆಸರ್ರೇ. ಬೋರ್ಡ್ ಇದೇ ಇಟ್ಕೊಂಡು ಎಕ್ಸ್3ಡಿ ಹುಡುಕ್ತೀನಿ, ಬಯೋಸ್ ಇವತ್ತು ರಾತ್ರಿನೇ ಮಾಡ್ಬಿಡ್ತೀನಿ.