ಕಾರವಾರದ ಮರ್ಫಿ ಅಜ್ಜ: ಐರ್ಲೆಂಡಿನಲ್ಲಿ ಅವರ ಊರು, ಬಳಗ ಹುಡುಕುವುದು ಹೇಗೆ?

ಬೈತಕೋಲದವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನ ಅಮ್ಮನ ತಾಯಿಯ ತವರಿನ ಅಡ್ಡಹೆಸರು ಮರ್ಫಿ. ಅಜ್ಜಿಯ ಅಜ್ಜ ಐರ್ಲೆಂಡಿನಲ್ಲಿ ಹುಟ್ಟಿದವರು. ಕಂಪನಿ ಸರ್ಕಾರದ ಗೋರಾ ಪಲ್ಟನ್ನಿಗೆ ಸೇರಿ ಇಲ್ಲಿಗೆ ಬಂದರು, 1857ರ ದಂಗೆಯ ಹೊತ್ತಿಗೆ ಉತ್ತರದ ಕಡೆ ಹೋಗಿದ್ದರು, ಆಮೇಲೆ ಪಲ್ಟನ್ ಬಿಟ್ಟು ಘಟ್ಟದ ರಸ್ತೆ ಕೆಲಸಕ್ಕೆ ಓವರ್‌ಸಿಯರ್ ಆಗಿ ಬಂದು ಇಲ್ಲಿಯ ಹುಡುಗಿಯನ್ನೇ ಮದುವೆಯಾದರು ಅಂತ ಮನೆಯಲ್ಲಿ ಹೇಳುತ್ತಾರೆ.

ಕೈಯಲ್ಲಿ ಇರುವುದು ಇಷ್ಟು. ಇಗರ್ಜಿಯ ಹಳೇ ಪುಸ್ತಕದಲ್ಲಿ 1868ರಲ್ಲಿ ಅವರ ಮಗನಿಗೆ ಜ್ಞಾನಸ್ನಾನ ಆದ ದಾಖಲೆ ಸಿಕ್ಕಿದೆ. ಮಗುವಿನ ಜ್ಞಾನತಂದೆಯ ಅಡ್ಡಹೆಸರೂ ಮರ್ಫಿ, ಪಕ್ಕದಲ್ಲಿ ಬೆಳಗಾವಿ ಅಂತ ಇದೆ. ಇನ್ನು ಮನೆಯಲ್ಲಿ ಒಂದು ಬೆಳ್ಳಿ ಪದಕ ಇದೆ, ರಾಣಿಯ ಮುಖ ಇರುವುದು. ಮೊನ್ನೆ ಐರ್ಲೆಂಡಿನ ಕಾರ್ಕ್ ಕಡೆಯ ಮರ್ಫಿ ಒಬ್ಬರು ಮೆಸೇಜ್ ಮಾಡಿ, ತಮ್ಮ ಮುತ್ತಜ್ಜನ ಅಣ್ಣ ಇಂಡಿಯಾಕ್ಕೆ ಸೋಲ್ಜರ್ ಆಗಿ ಹೋದವರು ವಾಪಸ್ ಬರಲೇ ಇಲ್ಲ, ನಾವಿಬ್ಬರೂ ಒಂದೇ ಮನೆಯವರು ಅಂತ ಬರೆದಿದ್ದಾರೆ. ಅಮ್ಮನಿಗೆ ಇದನ್ನು ಕೇಳಿ ಎಷ್ಟು ಖುಷಿ ಆಗಿದೆ ಅಂದರೆ ರಾತ್ರಿ ನಿದ್ದೆ ಮಾಡಿಲ್ಲ.

ಅಜ್ಜನ ಹುಟ್ಟೂರು ಪತ್ತೆ ಮಾಡುವುದು ಹೇಗೆ? ಬೆಳಗಾವಿಯ ಮರ್ಫಿ ಅವರ ತಮ್ಮನೇ ಇರಬಹುದಾ? ಕಾರ್ಕ್‌ನವರನ್ನು ನಂಬಬಹುದಾ? ಅಮ್ಮನಿಗೆ ವಯಸ್ಸಾಗಿದೆ. ಅವರು ಇರುವಾಗಲೇ ತಿಳಿಯಬೇಕು ಅಂತ ನನ್ನ ಆಸೆ.

ಶಿರಸಿ ಮಾಸ್ತರ:

ತಂಗಿ, ಮೊದಲು ನಮ್ಮ ಜಿಲ್ಲೆಯ ಚರಿತ್ರೆ ಸ್ವಲ್ಪ ತಲೆಯಲ್ಲಿ ಇಟ್ಟುಕೋ, ಇಲ್ಲದಿದ್ದರೆ ಬೇರೆ ಕಪಾಟಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಪೂರ್ತಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಉತ್ತರ ಕೆನರಾ ಮುಂಬಯಿಗೆ ಹೋದದ್ದು 1862ರಲ್ಲಿ. ಜಿಲ್ಲಾ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂದದ್ದೂ ಆ ಸುಮಾರಿಗೇ. ಹಾಗಾಗಿ ಅದಕ್ಕಿಂತ ಹಿಂದಿನದು ಮದರಾಸಿನ ಲೆಕ್ಕದಲ್ಲಿ, ಆಮೇಲಿನದು ಮುಂಬಯಿ ಲೆಕ್ಕದಲ್ಲಿ. ಇಗರ್ಜಿಗಳ ಜನನ, ಮದುವೆ, ಮರಣದ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅದು ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಇದೆ. ಮದರಾಸಿನದು ಎನ್/2, ಮುಂಬಯಿಯದು ಎನ್/3 ಅಂತ ಕಟ್ಟು. ಎರಡನ್ನೂ ನೋಡಬೇಕು.

ಎಲ್ಲ ಊರಿನ ನಕಲೂ ಅಲ್ಲಿಗೆ ಹೋಗಿಲ್ಲ, ಅದಕ್ಕೇ ನೀನು ಇಗರ್ಜಿ ಪುಸ್ತಕದಿಂದ ಶುರು ಮಾಡಿದ್ದು ಬಹಳ ಒಳ್ಳೆಯದಾಯಿತು. ಅದರಲ್ಲೇ ಅಜ್ಜನ ಮದುವೆ ದಾಖಲೆ ಹುಡುಕು. ಮದುವೆ ಪುಸ್ತಕದಲ್ಲಿ ವರನ ತಂದೆತಾಯಿ ಹೆಸರು ಬರೆದಿರುವುದು ಉಂಟು. ತಂದೆಯ ಹೆಸರೊಂದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಇನ್ನು ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬೇರು ಹುಡುಕುವವರ ಫಿಬಿಸ್ ಅಂತ ಒಂದು ಸಂಘ ಇದೆ, ಅವರ ಡೇಟಾಬೇಸಿನಲ್ಲಿ ಪುಕ್ಕಟೆ ಹುಡುಕಬಹುದು.

ಹಳೇ ನಾಣ್ಯ, ಹುಬ್ಬಳ್ಳಿ:

ಮೇಡಂ, ಪದಕದ ಅಂಚು ನೋಡಿದ್ದೀರಾ? ಮುಖ ಅಲ್ಲ, ಅಂಚು. ದಂಗೆಯ ಪದಕ ಆಗಿದ್ದರೆ ಪಡೆದವರ ಹೆಸರು, ಪಲ್ಟನ್ ಹೆಸರು ಅಂಚಿನ ಸುತ್ತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒತ್ತಿರುತ್ತಾರೆ. ಹಿಂಬದಿಯಲ್ಲಿ ಕೈಯಲ್ಲಿ ಹೂಮಾಲೆ ಹಿಡಿದು ನಿಂತ ಹೆಂಗಸು, ಹಿಂದೆ ಸಿಂಹ, ಕೆಳಗೆ 1857-1858 ಅಂತ ಇದ್ದರೆ ಅದೇ. ದಯವಿಟ್ಟು ಬೂದಿ, ಪೌಡರ್ ಹಾಕಿ ತಿಕ್ಕಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಸವೆದ ಅಕ್ಷರದ ನೆರಳು ಏಳುತ್ತದೆ.

ಬೈತಕೋಲದವಳು:

ನೋಡಿದೆ! ಸಿಂಹ, ಹೆಂಗಸು, ವರ್ಷ ಎಲ್ಲ ಸರಿ ಇದೆ. ಮೇಲಿನ ಪಟ್ಟಿಯಲ್ಲಿ ಸೆಂಟ್ರಲ್ ಇಂಡಿಯಾ ಅಂತ ಇದೆ. ಅಂಚಿನಲ್ಲಿ ಅಜ್ಜನ ಹೆಸರು ಪೂರ್ತಿ ಓದಬಹುದು, ಅಮ್ಮ ಆ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಾ ಕೂತಿದ್ದರು. ಆಮೇಲೆ '3' ಅಂತ ಇದೆ, ನಡುವೆ ಒಂದು ಶಬ್ದ ಪೂರ್ತಿ ಸವೆದಿದೆ, ಅದರ ನಂತರ 'ಯುರೋಪಿಯನ್ ರೆಜಿಮೆಂಟ್'. ಅಂಚು ಅಷ್ಟು ಜಾಗದಲ್ಲಿ ಬೆರಳಿಗೆ ನುಣುಪಾಗಿ ಹತ್ತುತ್ತದೆ.

ಹಳೇ ನಾಣ್ಯ, ಹುಬ್ಬಳ್ಳಿ:

ಸವೆದ ಆ ಒಂದು ಶಬ್ದವೇ ಈಗ ಬೇಕಾದದ್ದು. 3ನೇ ಯುರೋಪಿಯನ್ ಅಂತ ಮುಂಬಯಿ ಸೈನ್ಯದಲ್ಲೂ ಇತ್ತು, ಮದರಾಸು ಸೈನ್ಯದಲ್ಲೂ ಇತ್ತು. ಎರಡೂ ಮಧ್ಯ ಭಾರತದಲ್ಲಿ ಹೋರಾಡಿದವು. ಮುಂಬಯಿಯದು ಝಾನ್ಸಿ ಕಡೆ ಸರ್ ಹ್ಯೂ ರೋಸ್ ಜೊತೆ, ಮದರಾಸಿನದು ಬಾಂದಾ ಕಡೆ ವಿಟ್‌ಲಾಕ್ ಜೊತೆ. ಕಂಪನಿ ಸೈನ್ಯ ರಾಣಿಗೆ ಹೋದ ಮೇಲೆ ಮದರಾಸಿನ 3ನೆಯದು 108ನೇ ಪಲ್ಟನ್ ಆಯಿತು, ಮುಂಬಯಿಯದು 109. ಮತ್ತೆ 1881ರಲ್ಲಿ 108 ಹೋಗಿ ರಾಯಲ್ ಇನಿಸ್‌ಕಿಲಿಂಗ್ ಫ್ಯುಸಿಲಿಯರ್ಸ್ ಸೇರಿತು, 109 ಹೋಗಿ ಲೆನ್‌ಸ್ಟರ್ ರೆಜಿಮೆಂಟ್ ಸೇರಿತು.

ಜಾಲದಲ್ಲಿ ಹುಡುಕಿದಾಗ ಈ ಲೆನ್‌ಸ್ಟರ್, ಇನಿಸ್‌ಕಿಲಿಂಗ್ ಹೆಸರು ಬರುತ್ತದೆ. ಅದನ್ನು ನೋಡಿ ಅಜ್ಜ ಐರ್ಲೆಂಡಿನ ಆ ಸೀಮೆಯವರು ಅಂತ ತೀರ್ಮಾನ ಮಾಡಬೇಡಿ. ಅವರು ಪಲ್ಟನ್ನಿನಲ್ಲಿ ಇದ್ದಾಗ ಆ ಹೆಸರೇ ಇರಲಿಲ್ಲ, ಕಂಪನಿಯವರು ಐರ್ಲೆಂಡಿನ ಎಲ್ಲ ಮೂಲೆಯಿಂದಲೂ ಜನ ತುಂಬಿಕೊಳ್ಳುತ್ತಿದ್ದರು. ಪದಕ ಪಡೆದವರ ಪಟ್ಟಿ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಯಲ್ಲಿದೆ. ಎರಡೂ ಪಲ್ಟನ್ನಿನ ಪಟ್ಟಿ ನೋಡಿ ಹೆಸರು ಎಲ್ಲಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆಮೇಲೆ ಅಲ್ಲಿಯೇ ಇರುವ ಕಂಪನಿಯ ಭರ್ತಿ ಪುಸ್ತಕ. ಅದರಲ್ಲಿ ವಯಸ್ಸು, ಕಸುಬು, ಎಲ್ಲಿ ಭರ್ತಿ ಆದರು, ಯಾವ ಹಡಗು ಅಂತೆಲ್ಲ ಇರುತ್ತದೆ.

ಕುಮಟಾ ಟು ಡಬ್ಲಿನ್:

ಅಕ್ಕಾ, ನಾನು ಇಲ್ಲಿ ಕೆಲಸದಲ್ಲಿ ಇದ್ದೇನೆ, ಐರ್ಲೆಂಡ್ ಕಡೆಯದು ನಾನು ಹೇಳುತ್ತೇನೆ.

ಮರ್ಫಿ ಅಂದರೆ ಈ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಅಡ್ಡಹೆಸರು. ನಮ್ಮ ಕರಾವಳಿಯಲ್ಲಿ ನಾಯ್ಕ ಇದ್ದ ಹಾಗೆ. ಕಾರ್ಕ್, ವೆಕ್ಸ್‌ಫರ್ಡ್ ಎರಡು ಕಡೆಯಂತೂ ಕಿಕ್ಕಿರಿದಿದ್ದಾರೆ. ಹಾಗಾಗಿ ಬೆಳಗಾವಿ ದಂಡಿನಲ್ಲಿ ಇನ್ನೊಬ್ಬ ಮರ್ಫಿ ಇದ್ದದ್ದು ಏನೂ ವಿಶೇಷ ಅಲ್ಲ. ಆದರೆ ಅವರು ಘಟ್ಟ ಇಳಿದು ಬಂದು ಮಗುವಿಗೆ ಜ್ಞಾನತಂದೆ ಆಗಿದ್ದು ವಿಶೇಷ. ಅಣ್ಣತಮ್ಮ ಇರಬಹುದು, ಒಂದೇ ಬ್ಯಾರಕ್ಕಿನ ಗೆಳೆಯನೂ ಇರಬಹುದು. ಇಬ್ಬರ ಭರ್ತಿ ದಾಖಲೆಯಲ್ಲೂ ಒಂದೇ ಪ್ಯಾರಿಷ್, ಅಂದರೆ ಒಂದು ಇಗರ್ಜಿಗೆ ಸೇರಿದ ಸೀಮೆ, ಬಂದರೆ, ಆ ಪ್ಯಾರಿಷ್ಷಿನ ಪುಸ್ತಕದಲ್ಲಿ ಒಂದೇ ತಂದೆತಾಯಿಗೆ ಇಬ್ಬರೂ ಹುಟ್ಟಿದ್ದು ಸಿಕ್ಕರೆ ಆಗ ತಮ್ಮ ಅನ್ನಿ. ಅಲ್ಲಿವರೆಗೆ ವಂಶವೃಕ್ಷದಲ್ಲಿ ಸೇರಿಸಬೇಡಿ, ಒಮ್ಮೆ ಜಾಲದಲ್ಲಿ ಹಾಕಿದರೆ ಹತ್ತು ಜನ ಅದನ್ನೇ ನಕಲು ಮಾಡುತ್ತಾರೆ.

1922ರ ಜೂನ್‌ನಲ್ಲಿ ಇಲ್ಲಿಯ ಅಂತರ್ಯುದ್ಧದಲ್ಲಿ ದಾಖಲೆ ಕಚೇರಿ ಸುಟ್ಟು ಹೋಯಿತು. 1821ರಿಂದ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ಎಲ್ಲ ಬೂದಿ. ಆದರೆ ಕ್ಯಾಥೋಲಿಕ್ ಪುಸ್ತಕಗಳು ಆಯಾ ಊರಿನ ಇಗರ್ಜಿಯಲ್ಲೇ ಇದ್ದದ್ದರಿಂದ ಉಳಿದವು. ನ್ಯಾಷನಲ್ ಲೈಬ್ರರಿಯವರು 2015ರಲ್ಲಿ ಅವನ್ನೆಲ್ಲ ಜಾಲಕ್ಕೆ ಹಾಕಿದ್ದಾರೆ, ದುಡ್ಡು ಬೇಡ. ಹಲವು ಲ್ಯಾಟಿನ್‌ನಲ್ಲಿ ಇವೆ. ಜೇಮ್ಸ್ ಇದ್ದವರು ಜಾಕೋಬಸ್, ವಿಲಿಯಂ ಇದ್ದವರು ಗುಲಿಯೆಲ್ಮಸ್ ಆಗಿರುತ್ತಾರೆ. ಪ್ಯಾರಿಷ್ ಗೊತ್ತಾದ ಮೇಲೆ 1847ರಿಂದ 1864ರವರೆಗಿನ ಗ್ರಿಫಿತ್ ಸರ್ವೆ ನೋಡಿ, ಯಾವ ಹಳ್ಳಿಯಲ್ಲಿ ಯಾವ ಮರ್ಫಿ ಎಷ್ಟು ಜಮೀನು ಗೇಣಿಗೆ ಮಾಡುತ್ತಿದ್ದ ಅಂತ ಅದರಲ್ಲಿದೆ.

ಕಾರ್ಕ್‌ನವರ ವಿಷಯ. ಅವರನ್ನು ಅನುಮಾನಿಸಬೇಡಿ, ಇಲ್ಲಿಯವರಿಗೂ ಹೋದವರ ಸುದ್ದಿ ತಿಳಿಯಬೇಕು ಅನ್ನುವ ಸಂಕಟ ಇದೆ. ಅವರಿಗೆ ನಿಮ್ಮ ಹತ್ತಿರ ಇರುವುದನ್ನೆಲ್ಲ ಈಗಲೇ ಹೇಳದೆ, ಹೋದ ಅಣ್ಣನ ಹೆಸರು, ಹುಟ್ಟಿದ ವರ್ಷ, ತಾಯಿಯ ತವರಿನ ಹೆಸರು ಏನು ಅಂತ ಕೇಳಿ. ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ಅಮ್ಮನದೇ ಮಾಡಿಸಿ, ಅವರು ನಿಮಗಿಂತ ಒಂದು ತಲೆಮಾರು ಹತ್ತಿರ. ಇಷ್ಟು ದೂರದ ಸಂಬಂಧದಲ್ಲಿ ರಕ್ತಸಂಬಂಧ ನಿಜ ಇದ್ದರೂ ಪರೀಕ್ಷೆಯಲ್ಲಿ ಹೊಂದಿಕೆ ಕಾಣದೇ ಹೋಗಬಹುದು, ಅದಕ್ಕೆ ಬೇಸರ ಬೇಡ. ಅಜ್ಜಿಯ ತಮ್ಮನ ಮಗ, ಅವರ ಮಗ ಅಂತ ಮರ್ಫಿ ಹೆಸರಿನ ಗಂಡಸರು ಯಾರಾದರೂ ಇದ್ದರೆ ಅವರ ವೈ ಕ್ರೋಮೋಸೋಮಿನ ಡಿಎನ್‌ಎ ಪರೀಕ್ಷೆ ಇನ್ನೂ ಒಳ್ಳೆಯದು, ಆ ಕ್ರೋಮೋಸೋಮ್ ಗಂಡು ಸಂತತಿಯಲ್ಲಿ ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತದೆ.

ಬೈತಕೋಲದವಳು:

ನಿಮ್ಮೆಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಜ್ಜಿಯ ತಮ್ಮನ ಮೊಮ್ಮಗ ಬೆಳಗಾವಿಯಲ್ಲೇ ಇದ್ದಾನೆ, ಫೋನ್ ಮಾಡಿದೆ, ಪರೀಕ್ಷೆಗೆ ಒಪ್ಪಿದ್ದಾನೆ. ಅಲ್ಲಿಯ ಇಗರ್ಜಿಯಲ್ಲಿ ಇನ್ನೊಬ್ಬ ಮರ್ಫಿಯ ಮರಣ ದಾಖಲೆಯನ್ನೂ ಅವನೇ ಕೇಳುತ್ತಾನಂತೆ. ನಾನು ಭಾನುವಾರದ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ 1868ಕ್ಕಿಂತ ಹಿಂದಿನ ಮದುವೆ ಪುಸ್ತಕ ತೆಗೆಸುತ್ತೇನೆ. ಕಾರ್ಕ್‌ನವರಿಗೆ ತಾಯಿಯ ತವರಿನ ಹೆಸರು ಕೇಳಿ ಬರೆದಿದ್ದೇನೆ, ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.